ಸ್ಕಿನ್ ಮಾರುವಾಗ ಕನ್ಫರ್ಮ್ ಒತ್ತುವ ಮುಂಚೆ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಮಾವನ ಹೋಟೆಲಿನ ಗಲ್ಲಾದ ಮೇಲೆ ಕೂರುವವನು ನಾನು. ರಾತ್ರಿ ಶಟರ್ ಎಳೆದ ಮೇಲೆ ಕೌಂಟರ್-ಸ್ಟ್ರೈಕ್ 2 (ಸಿಎಸ್2) ಎಂಬ ಬಂದೂಕಿನ ಗೇಮ್ ಆಡುತ್ತೇನೆ. ಇಲ್ಲಿರುವ ನಮ್ಮೂರ ಕಡೆಯ ಹುಡುಗರು ಸ್ಕಿನ್, ಅಂದರೆ ಗೇಮಿನ ಬಂದೂಕಿಗೆ ಹಾಕುವ ಬಣ್ಣದ ಚಿತ್ತಾರ, ಮಾರಿ ದುಡ್ಡು ಮಾಡುವುದು ಹೇಗೆಂದು ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಬರೆಯುತ್ತಿದ್ದೇನೆ.

ಈ ಗೇಮ್ ಸಿಗುವುದು ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ. ಮೊದಲು ಅದರದೇ ಸ್ಟೀಮ್ ಮಾರ್ಕೆಟ್ಟನ್ನೇ ನೋಡಿ. ನಿಮಗೆ 100 ರೂಪಾಯಿ ಸಿಗಬೇಕಾದರೆ ಕೊಳ್ಳುವವನು ಸುಮಾರು 115 ಕೊಡಬೇಕು. ಆ ದುಡ್ಡು ಸ್ಟೀಮ್ ವಾಲೆಟ್ಟಿನಲ್ಲೇ ಉಳಿಯುತ್ತದೆ, ಬ್ಯಾಂಕಿಗೆ ಬರುವುದಿಲ್ಲ. ಹೊಸ ಗೇಮ್ ಕೊಳ್ಳಲು ಅಷ್ಟು ಸಾಕು, ಅಲ್ಲಿಗೇ ನಿಲ್ಲಿಸಿ. ಹೊರಗೆ ನಗದಿಗೆ ಮಾರಿ ಮೋಸಹೋದರೆ ಸ್ಟೀಮ್ ಸಪೋರ್ಟ್ ಸ್ಕಿನ್ ವಾಪಸ್ ಕೊಡುವುದಿಲ್ಲ.

ಆದರೂ ಮಾರುವಿರಾದರೆ ಫ್ಲೋಟ್, ಅಂದರೆ ಸ್ಕಿನ್ ಎಷ್ಟು ಸವೆದಿದೆ ಎಂದು ಹೇಳುವ ಸಂಖ್ಯೆ, ನೋಡಿ ಬೆಲೆ ಹೇಳಿ. ಅದು ಕಡಿಮೆಯಿದ್ದಷ್ಟೂ ಸ್ಕಿನ್ ಹೊಸದು. 0.15ರಿಂದ 0.38ರವರೆಗೆ ಇದ್ದರೆ ಫೀಲ್ಡ್-ಟೆಸ್ಟೆಡ್ ಎಂಬ ದರ್ಜೆ. ಎಡಬ್ಲ್ಯುಪಿ ಎಂಬ ಸ್ನೈಪರ್ ಬಂದೂಕಿನ ಏಸಿಮೊವ್ ಸ್ಕಿನ್ 0.18ಕ್ಕಿಂತ ಕೆಳಗೆ ಇಲ್ಲವೇ ಇಲ್ಲ, ಹಾಗಾಗಿ ‘ಫ್ಯಾಕ್ಟರಿ ನ್ಯೂ (ಹೊಚ್ಚಹೊಸ ದರ್ಜೆಯ) ಏಸಿಮೊವ್ ಇದೆ’ ಎನ್ನುವವನ ಹತ್ತಿರ ಮಾತೇ ಬೇಡ.

2023ರಲ್ಲಿ ನನ್ನ ಏಸಿಮೊವ್ ಹೋದದ್ದು ಲೋಕಲ್ ರೈಲಿನಲ್ಲಿ. ಬೆಲೆ ನೋಡಲೆಂದು ಯಾವುದೋ ಸೈಟಿಗೆ ಸ್ಟೀಮ್ ಲಾಗಿನ್ ಕೊಟ್ಟಿದ್ದೆ. ಅದು ನಕಲಿ. ನನ್ನ ಎಪಿಐ ಕೀ, ಅಂದರೆ ಹೊರಗಿನ ಪ್ರೋಗ್ರಾಂ ಖಾತೆಯ ಟ್ರೇಡ್ ನೋಡಲು, ರದ್ದು ಮಾಡಲು ಬಿಡುವ ಗುಪ್ತ ಸಂಕೇತ, ಆ ಮೋಸಗಾರರ ಕೈಗೆ ಸಿಕ್ಕಿತ್ತು. ನಾನು ಗೆಳೆಯನಿಗೆ ಟ್ರೇಡ್ ಆಫರ್ (ಸ್ಕಿನ್ ದಾಟಿಸುವ ಕೋರಿಕೆ) ಕಳಿಸಿದ ಕೂಡಲೇ ಅವರು ಅದನ್ನು ರದ್ದು ಮಾಡಿ, ಅವನದೇ ಹೆಸರು, ಅವನದೇ ಫೋಟೋ ಹಾಕಿದ ಇನ್ನೊಂದು ಖಾತೆಗೆ ಹೊಸ ಆಫರ್ ಹೂಡಿದರು. ಥಾಣೆ ಸ್ಟೇಷನ್ ದಾಟಿದ ಗಾಡಿ, ಒಂದು ಕೈ ಮೇಲಿನ ಹಿಡಿಯಲ್ಲಿ. ಇನ್ನೊಂದು ಕೈಯಲ್ಲಿ ಕನ್ಫರ್ಮ್ ಒತ್ತಿಬಿಟ್ಟೆ. ಮಾವನ ಹತ್ತಿರ ಮುಂಗಡ ಸಂಬಳ ಪಡೆದು ಕೊಂಡಿದ್ದ ಸ್ಕಿನ್ ಅದು.

ಹೆಸರು, ಫೋಟೋ ಯಾರು ಬೇಕಾದರೂ ನಕಲು ಮಾಡಬಹುದು. ಫೋನಿನ ಕನ್ಫರ್ಮ್ ಪರದೆಯಲ್ಲಿ ಎದುರಿನವರ ಸ್ಟೀಮ್ ಲೆವೆಲ್, ಖಾತೆ ತೆರೆದ ದಿನ ಕಾಣುತ್ತವೆ. ಅವನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ, ತಾಳೆಯಾಗದಿದ್ದರೆ ಒತ್ತಬೇಡಿ. ಸ್ಟೀಮ್‌ನ ವೆಬ್ ಎಪಿಐ ಕೀ ಪುಟದಲ್ಲಿ ನೀವು ಮಾಡದ ಕೀ ಇದ್ದರೆ ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ.

2025ರ ಜುಲೈಯಿಂದ ಇನ್ನೊಂದು ಏರ್ಪಾಡು ಬಂದಿದೆ. ಟ್ರೇಡ್ ಆದ ಸಿಎಸ್2 ಸ್ಕಿನ್ನನ್ನು ಪಡೆದವನು 7 ದಿನ ಬೇರೆಯವರಿಗೆ ದಾಟಿಸುವಂತಿಲ್ಲ, ಅಷ್ಟರೊಳಗೆ ಟ್ರೇಡ್ ಹಿಂದಕ್ಕೆ ಪಡೆಯಬಹುದು. ಹಿಂದಕ್ಕೆ ಪಡೆದರೆ ಆ ಏಳು ದಿನಗಳ ಸಿಎಸ್2 ಟ್ರೇಡುಗಳೆಲ್ಲ ರದ್ದಾಗುತ್ತವೆ, ಖಾತೆಗೆ 30 ದಿನ ಟ್ರೇಡ್, ಮಾರ್ಕೆಟ್ ಎರಡೂ ಬಂದ್. ಇದು ಆಗಲೇ ಇದ್ದಿದ್ದರೆ ನನ್ನ ಏಸಿಮೊವ್ ಉಳಿಯುತ್ತಿತ್ತು. ಆದರೆ ದುಡ್ಡು ಎಣಿಸಿಕೊಂಡ ಮಾರಾಟಗಾರನೂ ಸ್ಕಿನ್ ಹೀಗೆಯೇ ಎಳೆದುಕೊಳ್ಳಬಹುದಲ್ಲ! ಅದಕ್ಕೇ ನಾನು ಮುಖಪರಿಚಯ ಇದ್ದವರ ಜೊತೆ ಮಾತ್ರ ವ್ಯವಹಾರ ಮಾಡುತ್ತೇನೆ. ಅರ್ಧ ಹಣ ಅವತ್ತು, ಉಳಿದರ್ಧ ಎಂಟು ದಿನ ದಾಟಿದ ಮೇಲೆ. ಮಾತು ವಾಟ್ಸಾಪಿನಲ್ಲಿ ಬರಹದಲ್ಲಿರಬೇಕು.

ಹಣ ಕೊಳ್ಳುವವನ ಸ್ವಂತ ಖಾತೆಯಿಂದಲೇ ಬರಲಿ. ‘ದೋಸ್ತ್ ಯುಪಿಐ ಮಾಡ್ತಾನೆ’ ಎಂದರೆ ಬೇಡವೆನ್ನಿ. ಅದು ಕದ್ದ ಹಣವಾಗಿದ್ದರೆ ಫ್ರೀಜ್ ಆಗುವುದು ನಿಮ್ಮ ಖಾತೆ. ಹಣ ಪಡೆಯಲು ಪಿನ್ ಹಾಕಬೇಕಿಲ್ಲ, ಕೇಳಿದರೆ ಅಲ್ಲಿಗೇ ಬಿಡಿ. ಹಣ ಹೋಗಿಯೇಬಿಟ್ಟರೆ ನಾಚಿಕೊಂಡು ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಟ್ರಾನ್ಸಾಕ್ಷನ್ ನಂಬರ್ ಕೈಯಲ್ಲಿ ಇಟ್ಟುಕೊಂಡೇ.