ಓಟು ಕೇಳಲು ಬಂದಾಗ ಬೀದಿಯ ಕೆಲಸ ಮಾಡಿಸಿಕೊಳ್ಳುವುದು ಹೇಗೆ?

ಭಾನುವಾರ ಬೆಳಿಗ್ಗೆ ಏಳೂವರೆ. ಕಾಟನ್‌ಪೇಟೆಯ ಸಂದಿಯೊಳಗೆ ಮೊದಲು ತಮಟೆ ಸದ್ದು, ಹಿಂದೆಯೇ ಮೈಕ್ ಕಟ್ಟಿದ ಆಟೋ. ಗೋಡೌನ್ ಮುಂದೆ ಲಗೇಜ್ ಗಾಡಿ ನಿಂತಿರುವುದರಿಂದ ಆಟೋ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಅಭ್ಯರ್ಥಿ ಇಳಿದು ನಡೆದೇ ಬರುತ್ತಾರೆ. ಕೈಮುಗಿದು, "ನಿಮ್ಮ ಮನೆ ಮಗ ಅಮ್ಮಾ" ಎಂದು ಪಾಂಪ್ಲೆಟ್ ಕೊಟ್ಟು ಮುಂದಿನ ಬಾಗಿಲಿಗೆ ಹೋಗುತ್ತಾರೆ. ನಾನೊಮ್ಮೆ ಗಡಿಯಾರ ನೋಡಿ ಎಣಿಸಿದ್ದೆ. ಒಂದು ಮನೆಗೆ ನಲವತ್ತು ಸೆಕೆಂಡ್.

ಐದು ವರ್ಷ ಸಹಿಸಿಕೊಂಡದ್ದನ್ನು ಆ ನಲವತ್ತು ಸೆಕೆಂಡಿನಲ್ಲಿ ಹೇಳಬೇಕು. ತಯಾರಿ ಇಲ್ಲದಿದ್ದರೆ ಬಾಯಿಗೆ ಬರುವುದು "ಮೋರಿ ಸ್ವಲ್ಪ ನೋಡಿ ಸಾರ್" ಅಷ್ಟೇ. ಅವರು "ಆಯ್ತಮ್ಮಾ, ಖಂಡಿತ" ಎನ್ನುತ್ತಾರೆ. ಮುಗೀತು.

ಬೆಂಗಳೂರಿನ ಪೇಟೆ ಭಾಗದವರಿಗೆ ಈ ತಯಾರಿ ಜಾಸ್ತಿ ಬೇಕು. ನಗರದಲ್ಲಿ 198 ವಾರ್ಡ್‌ಗಳಿಗೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲಿನ ಐದು ವರ್ಷ ಬೀದಿದೀಪ ಕೆಟ್ಟರೂ ಯಾರ ಮನೆ ಬಾಗಿಲು ತಟ್ಟಬೇಕೆಂದು ಗೊತ್ತಾಗದೆ ಕಳೆಯಿತು. 2025ರ ಸೆಪ್ಟೆಂಬರ್ 2ರಿಂದ ಒಂದು ಪಾಲಿಕೆ ಐದಾಗಿದೆ.

ಹೆಜ್ಜೆ 1: ನೀವು ಯಾರ ಕೆಳಗೆ ಬರುತ್ತೀರಿ, ನೋಡಿಕೊಳ್ಳಿ

ಇದು ಸುಲಭ ಅನಿಸುತ್ತದೆ, ಆದರೆ ಅಲ್ಲ. ಹಳೆಯ ಲೆಕ್ಕದಲ್ಲಿ ಚಿಕ್ಕಪೇಟೆ ವಾರ್ಡ್ ಇದ್ದದ್ದು ಚಿಕ್ಕಪೇಟೆ ವಿಧಾನಸಭಾ ಕ್ಷೇತ್ರದಲ್ಲಿ ಅಲ್ಲ, ಗಾಂಧಿನಗರ ಕ್ಷೇತ್ರದಲ್ಲಿ! ಹೆಸರು ನಂಬಿಕೊಂಡು ಪಕ್ಕದ ಕ್ಷೇತ್ರದ ಆಫೀಸಿನಲ್ಲಿ ಅರ್ಧ ದಿನ ಕೂತು ಬಂದವರನ್ನು ನಾನೇ ಬಲ್ಲೆ. ಈಗ ಗಾಂಧಿನಗರ, ಚಿಕ್ಕಪೇಟೆ, ಚಾಮರಾಜಪೇಟೆ, ಶಿವಾಜಿನಗರ, ಶಾಂತಿನಗರ, ಸಿ.ವಿ. ರಾಮನ್‌ನಗರ, ಈ ಆರೂ ಕ್ಷೇತ್ರ ಸೇರಿ ಬೆಂಗಳೂರು ಕೇಂದ್ರ ನಗರ ಪಾಲಿಕೆ ಆಗಿದೆ. ವಾರ್ಡ್ ಗಡಿಗಳೂ ಬದಲಾಗಿವೆ. ಹಳೆಯ ವಾರ್ಡ್ ನಂಬರ್ ಹಾಕಿದ ಅರ್ಜಿ ಬರೆಯಬೇಡಿ.

ಜತೆಗೆ, ಯಾವ ಕೆಲಸ ಯಾರದ್ದು ಅನ್ನುವುದೂ ಗೊತ್ತಿರಲಿ. ಮಳೆನೀರಿನ ಮೋರಿ, ಕಸ, ಬೀದಿದೀಪ, ಸಂದಿಯ ರಸ್ತೆ ಪಾಲಿಕೆಯ ಕಡೆಯವು. ಕಾವೇರಿ ನೀರು, ಮ್ಯಾನ್‌ಹೋಲ್ ಉಕ್ಕುವುದು ಜಲಮಂಡಳಿಯದು. ಕರೆಂಟ್ ಕಂಬ, ಜೋತುಬಿದ್ದ ಕರೆಂಟ್ ವೈರು ಬೆಸ್ಕಾಂನದು. ಮೋರಿಯಲ್ಲಿ ಹರಿಯುತ್ತಿರುವುದು ಮಳೆನೀರೋ ಕಕ್ಕಸು ನೀರೋ ಎಂದು ಮೂಗಿನಿಂದಲೇ ತೀರ್ಮಾನ ಮಾಡಬಹುದು. ಆ ತೀರ್ಮಾನ ಮಾಡಿಕೊಂಡೇ ಹೋಗಿ. ಇಲ್ಲದಿದ್ದರೆ ಪಾಲಿಕೆಯವರು ಜಲಮಂಡಳಿಯತ್ತ, ಜಲಮಂಡಳಿಯವರು ಪಾಲಿಕೆಯತ್ತ ಬೆರಳು ತೋರಿಸುತ್ತಾರೆ.

ಹೆಜ್ಜೆ 2: ಒಂದೇ ಸಮಸ್ಯೆ ಆರಿಸಿ

ಇಲ್ಲಿ ನಾನು ಸರಿಯಾಗಿ ಪಾಠ ಕಲಿತಿದ್ದೇನೆ. ಹಿಂದೊಂದು ಚುನಾವಣೆಯಲ್ಲಿ ನಮ್ಮ ಸಂದಿಯವರೆಲ್ಲ ಸೇರಿ ಅರ್ಜಿ ಬರೆದೆವು. ಎದುರು ಮನೆ ಅಜ್ಜಿ ನಾಯಿ ಕಾಟ ಸೇರಿಸಿ ಎಂದರು. ಬೀಡಾ ಅಂಗಡಿಯವರು ಪಾರ್ಕಿಂಗ್ ಎಂದರು. ಯಾರೋ ಲೈಬ್ರರಿ ಬೇಕು ಎಂದರು. ಬೇಡ ಅನ್ನಲು ದಾಕ್ಷಿಣ್ಯ. ಕೊನೆಗೆ ಎರಡು ಹಾಳೆ, ಹದಿನಾಲ್ಕು ಬೇಡಿಕೆ. ಅಭ್ಯರ್ಥಿ ಅದನ್ನು ತೆಗೆದುಕೊಂಡು ಪಕ್ಕದ ಹುಡುಗನಿಗೆ ಕೊಟ್ಟರು. ಹುಡುಗ ಮಡಚಿ ಜೇಬಿಗಿಟ್ಟ. ಸಂಜೆ ಟೀ ಅಂಗಡಿಗೆ ಹೋದರೆ ನಮ್ಮ ಅರ್ಜಿಯ ಮೇಲೆ ಬಜ್ಜಿ ಇತ್ತು. ಅಜ್ಜಿಯ ಸಹಿ ಎಣ್ಣೆಯಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಈಗ ನಾವು ಹೀಗೆ ಮಾಡುತ್ತೇವೆ. ಸಂಜೆ ಹೊತ್ತು ಎಲ್ಲರೂ ಕಟ್ಟೆ ಮೇಲೆ ಕೂತು, ಪ್ರತಿ ಸಮಸ್ಯೆಗೂ ಎರಡು ಪ್ರಶ್ನೆ ಹಾಕುತ್ತೇವೆ. ಇದನ್ನು ಬೆರಳಿಟ್ಟು ತೋರಿಸಬಹುದಾ? ಆಯ್ತೋ ಇಲ್ಲವೋ ಎಂದು ಆರು ತಿಂಗಳ ನಂತರ ಯಾರು ಬೇಕಾದರೂ ಹೇಳಬಹುದಾ? "ಸ್ವಚ್ಛತೆ ಕಾಪಾಡಿ" ಈ ಪರೀಕ್ಷೆಯಲ್ಲಿ ಫೇಲು. "ದೇವಸ್ಥಾನದ ಮೂಲೆಯಿಂದ ಹಿಟ್ಟಿನ ಗಿರಣಿವರೆಗೆ ಹನ್ನೊಂದು ಚಪ್ಪಡಿ ಮುರಿದಿವೆ, ಹೂಳು ತೆಗೆದು ಹೊಸದು ಮುಚ್ಚಿಸಿ" ಪಾಸು. ಚಪ್ಪಡಿ ಎಣಿಸುವಾಗ ಟಾರ್ಚ್ ಬಿಟ್ಟು ನೋಡಿ. ನಮ್ಮಲ್ಲಿ ಒಂದರ ಕೆಳಗೆ ಪ್ಲಾಸ್ಟಿಕ್ ಹಗ್ಗ, ಥರ್ಮಾಕೋಲ್, ಬಟ್ಟೆ ಅಂಗಡಿಯ ಚೂರುಗಳು ಸೇರಿ ಹಾಸಿಗೆಯಷ್ಟು ದಪ್ಪ ಕೂತಿತ್ತು. ಅದರ ಫೋಟೊ ಮುಂದೆ ಬಹಳ ಕೆಲಸಕ್ಕೆ ಬಂತು.

ದೊಡ್ಡ ಸಮಸ್ಯೆಗೆ ಬೀದಿ ಅರ್ಜಿ ಸಾಲುವುದಿಲ್ಲ ಅನ್ನುವುದೂ ನಿಜ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಆ ಕಡೆಯಿಂದ ಹೊರಟು ಕೆ.ಆರ್. ಮಾರ್ಕೆಟ್ ದಾಟಿ ಬೆಳ್ಳಂದೂರು ಕೆರೆ ದಿಕ್ಕಿಗೆ ಹೋಗುತ್ತದೆ ಕೆ-100 ರಾಜಕಾಲುವೆ. ಅಂಥದ್ದನ್ನು ಒಂದು ಸಂದಿಯವರು ಸರಿಮಾಡಿಸಲಾಗದು. ಅದನ್ನು ಅಭ್ಯರ್ಥಿಗೆ ಪ್ರಶ್ನೆಯಾಗಿ ಕೇಳಿ, ಅರ್ಜಿಯಲ್ಲಿ ಮಾತ್ರ ನಿಮ್ಮ ಮೋರಿಯೇ ಇರಲಿ.

ಹೆಜ್ಜೆ 3: ಮೊದಲು ದೂರು, ಆಮೇಲೆ ಅರ್ಜಿ

ದೂರು ನಂಬರ್ ಇಲ್ಲದ ಸಮಸ್ಯೆ ಆಫೀಸಿನ ಲೆಕ್ಕದಲ್ಲಿ ಸಮಸ್ಯೆಯೇ ಅಲ್ಲ. ಪಾಲಿಕೆಗೆ 1533, ಜಲಮಂಡಳಿಗೆ 1916, ಬೆಸ್ಕಾಂಗೆ 1912. ಫೋನ್ ಮಾಡಿ, ನಂಬರ್ ಬರೆದುಕೊಳ್ಳಿ, ತಾರೀಕು ಹಾಕಿ. ಒಬ್ಬರೇ ಹತ್ತು ಸಲ ಮಾಡುವುದಕ್ಕಿಂತ ಹತ್ತು ಮನೆಯವರು ಒಂದೊಂದು ಸಲ ಮಾಡಿದರೆ ಒಳ್ಳೆಯದು. "ಕೆಲಸ ಆಗಿದೆ" ಎಂದು ದೂರು ಮುಚ್ಚಿದ ಮೆಸೇಜ್ ಬಂತಾ? ಬೇಜಾರಾಗಬೇಡಿ. ಆ ಮೆಸೇಜ್, ಪಕ್ಕದಲ್ಲಿ ಅದೇ ದಿನದ ಮೋರಿ ಫೋಟೊ, ಇವೆರಡೂ ಸೇರಿದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಕೆಲಸ ಮಾಡದೆಯೇ ನಿಮ್ಮ ಬೀದಿಯ ಹೆಸರಿನಲ್ಲಿ ಹಿಂದೆ ಬಿಲ್ ಆಗಿದೆಯೇ ಎಂದು ಅನುಮಾನ ಇದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಹದಿನಾಲ್ಕು ಬೇಡಿಕೆಯವರಿಗೆ ಅಲ್ಲೂ ಜಾಗ ಇಲ್ಲ ನೋಡಿ.

ಹೆಜ್ಜೆ 4: ನಿಮ್ಮ ಸಂದಿಯ ಓಟು ಎಣಿಸಿ

ಪೇಟೆಯ ಒಂದು ವಿಚಿತ್ರ ಇಲ್ಲಿದೆ. ಹಗಲು ಕಾಲಿಡಲು ಜಾಗ ಇರುವುದಿಲ್ಲ. ಆದರೆ ಅಂಗಡಿ ಮಾಲೀಕರಲ್ಲಿ ಅನೇಕರ ಮನೆ ರಾಜಾಜಿನಗರದಲ್ಲೋ ಜಯನಗರದಲ್ಲೋ. ಅವರ ಓಟೂ ಅಲ್ಲೇ. ಮೂಟೆ ಹೊರುವವರಲ್ಲಿ ಎಷ್ಟೋ ಜನರ ಓಟು ಊರಿನಲ್ಲಿ. ಶಟರ್ ಎಳೆದ ಮೇಲೆ ಉಳಿಯುವವರು ಮೇಲ್ಮಹಡಿಯ ಬಾಡಿಗೆ ಮನೆಯವರು, ವಠಾರದವರು. ವ್ಯಾಪಾರಿಗಳ ಸಂಘಕ್ಕೆ ಲೆಟರ್‌ಹೆಡ್ ಇದೆ, ಹಾರ ಹಾಕುವ ಶಕ್ತಿ ಇದೆ. ಪಕ್ಷದವರು ಅವರ ಮಾತು ಕೇಳುತ್ತಾರೆ. ಆದರೆ ಮತಪಟ್ಟಿಯಲ್ಲಿ ಇರುವುದು ನೀವು.

ಇದ್ದೀರಾ? ಅದೇ ಪ್ರಶ್ನೆ. ಬಾಡಿಗೆ ಮನೆ ಬದಲಿಸಿದವರ ಹೆಸರು ಹಳೆಯ ವಿಳಾಸದಲ್ಲೇ ಕೂತಿರುತ್ತದೆ. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆ ಅಥವಾ ತಿದ್ದುಪಡಿಗೆ ನಮೂನೆ 8. ಗೊತ್ತಾಗದಿದ್ದರೆ 1950ಕ್ಕೆ ಫೋನ್ ಮಾಡಿ. ವಿಧಾನಸಭೆಯ ಪಟ್ಟಿಯನ್ನೇ ವಾರ್ಡ್‌ಗಳಿಗೆ ಹಂಚುವುದರಿಂದ ಅಲ್ಲಿ ಸರಿಯಾದರೆ ಇಲ್ಲೂ ಸರಿ. ಚುನಾವಣೆ ಘೋಷಣೆ ಆಗಲಿ ಎಂದು ಕಾಯಬೇಡಿ.

ನಮ್ಮ ಸಂದಿಯಲ್ಲಿ ಎಷ್ಟು ಮಹಾ ಓಟು ಅನ್ನುವವರಿಗೆ ಎರಡು ಸಂಖ್ಯೆ ಹೇಳಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಗಾಂಧಿನಗರದಲ್ಲಿ ದಿನೇಶ್ ಗುಂಡೂರಾವ್ ಗೆದ್ದ ಅಂತರ 105. ಅದೇ ಚುನಾವಣೆಯಲ್ಲಿ ಜಯನಗರದಲ್ಲಿ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ಓಟಿನಿಂದ. ಒಂದು ವಠಾರದ ಮೆಟ್ಟಿಲಲ್ಲಿ ಕೂರುವಷ್ಟು ಜನ! ವಾರ್ಡ್ ಚುನಾವಣೆಯಲ್ಲಿ ಓಟೇ ಕಡಿಮೆ, ಹಾಗಾಗಿ ಸಂದಿಯ ಬೆಲೆ ಇನ್ನೂ ಜಾಸ್ತಿ. ಅರ್ಜಿಯ ತಲೆಯಲ್ಲೇ ಬರೆಯಿರಿ: "ಇಂಥ ಮತಗಟ್ಟೆ, ಇಷ್ಟು ಮನೆ, ಇಷ್ಟು ಮತದಾರರು."

ಹೆಜ್ಜೆ 5: ಅಭ್ಯರ್ಥಿಗಿಂತ ಮೊದಲು ಬೂತ್‌ನವರನ್ನು ಹಿಡಿಯಿರಿ

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ. ಅಭ್ಯರ್ಥಿಯ ಪಕ್ಕ ಮತಪಟ್ಟಿ ಹಿಡಿದು, ಪೆನ್ನಿನಿಂದ ಗೀಟು ಹಾಕುತ್ತ ಬರುವ ಒಬ್ಬರು ಇರುತ್ತಾರೆ. ಹೆಗಲ ಮೇಲೆ ಶಲ್ಯ, ಬಾಯಲ್ಲಿ ಎಲ್ಲರ ಹೆಸರು. "ಇದು ಮೇಷ್ಟ್ರ ಮನೆ, ಮೂರು ಓಟು, ಮಗ ಹೈದರಾಬಾದ್‌ನಲ್ಲಿ" ಎಂದು ಕಿವಿಯಲ್ಲಿ ಹೇಳುವವರು ಅವರೇ. ಅಭ್ಯರ್ಥಿ ನಾಳೆ ಇನ್ನೊಂದು ಬೀದಿಯಲ್ಲಿರುತ್ತಾರೆ. ಇವರು ನಾಳೆಯೂ ಅದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾರೆ.

ಪ್ರಚಾರಕ್ಕೆ ವಾರ ಮೊದಲೇ ಅವರನ್ನು ಮನೆಗೆ ಕರೆದು ಮೋರಿ ತೋರಿಸಿ. ಒಂದು ಪಕ್ಷದವರನ್ನಲ್ಲ, ಎಲ್ಲ ಪಕ್ಷದವರನ್ನೂ. ಪಾಲಿಕೆ ಚುನಾವಣೆ ನಡೆಯುವುದು ಪಕ್ಷದ ಚಿಹ್ನೆ ಮೇಲೆ, ಆದ್ದರಿಂದ ಪ್ರತಿ ಪಕ್ಷಕ್ಕೂ ಬೂತ್ ಮಟ್ಟದ ಜನ ಇರುತ್ತಾರೆ. "ಅವರನ್ನೂ ಕರೆದಿದ್ದೇವೆ" ಎಂದು ಮುಚ್ಚಿಡದೆ ಹೇಳಿ. ಹೇಳಿದ ಮೇಲೆ ಮುಖ ನೋಡಿ.

ಹೆಜ್ಜೆ 6: ಬಾಗಿಲಲ್ಲಿ ಏನು ಹೇಳಬೇಕು

ಯಾರು ಮಾತಾಡಬೇಕು ಎಂದು ಮೊದಲೇ ಒಬ್ಬರನ್ನು ಗೊತ್ತು ಮಾಡಿ. ಹೆಂಗಸರೇ ಆದರೆ ಒಳ್ಳೆಯದು, ಮೋರಿ ಉಕ್ಕಿದಾಗ ಮನೆಯೊಳಗೆ ನೀರು ಬಳಿಯುವವರು ಅವರೇ ಅಲ್ವಾ. ಅಭ್ಯರ್ಥಿಯನ್ನು ಬಾಗಿಲಲ್ಲಿ ನಿಲ್ಲಿಸಬೇಡಿ, ಹತ್ತು ಹೆಜ್ಜೆ ನಡೆಸಿ ಚಪ್ಪಡಿ ಹತ್ತಿರ ನಿಲ್ಲಿಸಿ. ವಾಸನೆಯೇ ಅರ್ಧ ಮಾತಾಡುತ್ತದೆ. "ಮಾಡ್ತೀರಾ?" ಎಂದು ಕೇಳಬೇಡಿ. ಅದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. "ಗೆದ್ದ ಮೇಲೆ ಎಷ್ಟು ತಿಂಗಳಲ್ಲಿ? ನಿಮ್ಮ ಕಡೆಯಿಂದ ಯಾರನ್ನು ಕೇಳಬೇಕು?" ಎಂದು ಕೇಳಿ. ಉತ್ತರವನ್ನು ಅವರೆದುರೇ ಅರ್ಜಿಯ ನಕಲಿನ ಮೇಲೆ ಬರೆದು ಸಹಿ ಕೇಳಿ. ಕೆಲವರು ಹಾಕುತ್ತಾರೆ, ಕೆಲವರು ನಗುತ್ತಾರೆ. ನಕ್ಕಿದ್ದನ್ನೂ ಬರೆದಿಟ್ಟುಕೊಳ್ಳಿ.

ಮಹಿಳಾ ಮೀಸಲು ವಾರ್ಡ್‌ನಲ್ಲಿ ಅಭ್ಯರ್ಥಿಯ ಬದಲು ಪತಿಯೇ ಉತ್ತರ ಕೊಡುವುದು ಮಾಮೂಲು. ವಿನಯದಿಂದಲೇ "ಅಮ್ಮನವರು ಹೇಳಲಿ ಸಾರ್" ಎನ್ನಿ.

ಕುಕ್ಕರ್, ಸೀರೆ, ಕೂಪನ್ ಬಂದರೆ? ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಅದರ ಜತೆ ಇನ್ನೊಂದು ಲೆಕ್ಕವೂ ಇದೆ. ಕುಕ್ಕರ್ ತೆಗೆದುಕೊಂಡ ಬೀದಿ ಮೋರಿ ಕೇಳಲು ಹೋದರೆ "ನಿಮ್ಮದು ಸೆಟ್ಲ್ ಆಗಿದೆಯಲ್ಲ" ಅನ್ನುತ್ತಾರೆ.

ಹೆಜ್ಜೆ 7: ಎಣಿಕೆ ಮುಗಿದ ಮೇಲೆ

ಗೆದ್ದವರಿಗೆ ಹಾರ ಹಾಕುವ ಗದ್ದಲದಲ್ಲಿ ಹೋಗಬೇಡಿ, ಹದಿನೈದು ದಿನ ಬಿಟ್ಟು ಹೋಗಿ. ಸಹಿ ಇರುವ ನಕಲು, ದೂರು ನಂಬರ್‌ಗಳು, ಹೊಸ ಫೋಟೊ ಒಯ್ಯಿರಿ. ವಾರ್ಡ್ ಎಂಜಿನಿಯರ್‌ಗೆ ಅವರಿಂದಲೇ ಫೋನ್ ಮಾಡಿಸಿ. ಸೋತ ಪಕ್ಷದ ಬೂತ್‌ನವರನ್ನು ಮಾತ್ರ ಮರೆಯಬೇಡಿ. ನಮ್ಮ ಹನ್ನೊಂದು ಚಪ್ಪಡಿಯಲ್ಲಿ ಆರನ್ನು ಗೆದ್ದವರು ಹಾಕಿಸಿದರು. ಉಳಿದ ಐದಕ್ಕೆ ದಿನಾ ಎಂಜಿನಿಯರ್ ಆಫೀಸಿಗೆ ಅಲೆದವರು ಸೋತವರ ಕಡೆಯ ಶಲ್ಯದವರು. ಮುಂದಿನ ಸಲ ಟಿಕೆಟ್ ಅವರಿಗೇ ಬೇಕಂತೆ. ಗಿರಣಿ ಮುಂದಿನ ಕೊನೆಯ ಚಪ್ಪಡಿ ಈಗಲೂ ಕಾಲಿಟ್ಟರೆ ಅಲ್ಲಾಡುತ್ತದೆ. ಅದರ ದೂರು ನಂಬರ್ ಹೊಸ ಅರ್ಜಿಯ ಮೊದಲ ಸಾಲಿನಲ್ಲಿದೆ.