ಹಂಪಿಯ ಬಿಸಿಲಲ್ಲಿ, ಆಗುಂಬೆಯ ಮಳೆಯಲ್ಲಿ ಜಲವರ್ಣ

ಜಲವರ್ಣದಲ್ಲಿ ನಿಸರ್ಗಚಿತ್ರ ಬರೆಯುವವರು ಬಣ್ಣಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ನೀರಿಗೆ. ಹಾಳೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಅನ್ನುವುದರ ಮೇಲೆ ನನ್ನ ಇಡೀ ಕೆಲಸ ನಿಂತಿದೆ.

ಹಂಪಿಗೆ ಹೋಗುವುದು ಬೇಸಿಗೆ ರಜೆಯಲ್ಲೇ. ಡ್ರಾಯಿಂಗ್ ಮೇಷ್ಟ್ರಿಗೆ ಬೇರೆ ಯಾವಾಗ ಬಿಡುವು ಸಿಗುತ್ತದೆ ಹೇಳಿ! ಏಪ್ರಿಲ್ ಬಿಸಿಲಿಗೆ ಆಕಾಶದ ಬಣ್ಣ ಅರ್ಧ ಎಳೆಯುವಷ್ಟರಲ್ಲೇ ಅಂಚು ಒಣಗಿ ಗೆರೆ ಬೀಳುತ್ತದೆ. ಹಾಗಾಗಿ ಬೆಳಕು ಹರಿಯುವ ಮೊದಲೇ ಹೇಮಕೂಟ ಬೆಟ್ಟ ಹತ್ತಿ ಕೂರುತ್ತೇನೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದವನ್ನು ಹಿಂದೆಯೂ ಮುಂದೆಯೂ ಒದ್ದೆ ಮಾಡಿ, ಆಕಾಶ ಮುಗಿಸಿಬಿಡುತ್ತೇನೆ. ಬಿಸಿಲು ಬಿದ್ದ ಕೂಡಲೇ ಬಂಡೆಗಳ ನೆರಳಿನ ಅಂಚನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಒಂಬತ್ತರ ಹೊತ್ತಿಗೆ ನೆರಳು ಜರುಗಿರುತ್ತದೆ. ಆದರೂ ಗುರುತಿನ ಪ್ರಕಾರವೇ ಬರೆಯುತ್ತೇನೆ. ಸೂರ್ಯನ ಹಿಂದೆ ಓಡಿದರೆ ಒಂದೇ ಚಿತ್ರದಲ್ಲಿ ಎರಡು ಹೊತ್ತಿನ ನೆರಳು ಸೇರಿಕೊಳ್ಳುತ್ತದೆ. ನನ್ನ ಪೆಟ್ಟಿಗೆಯಲ್ಲಿ ಕಪ್ಪು ಬಣ್ಣವಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಕಲ್ಲಿನ ನೆರಳು ಸಿಗುತ್ತದೆ. ಸಿಯೆನ್ನಾ ಸ್ವಲ್ಪ ಜಾಸ್ತಿಯಾದರೆ ಆ ನೆರಳಿಗೊಂದು ಬಿಸಿ ಬರುತ್ತದೆ.

ಆಗುಂಬೆ ಕಡೆ ಮಳೆಗಾಲದಲ್ಲಿ ಎಲ್ಲ ತಿರುವುಮುರುವು. ಜಗಲಿಯಲ್ಲಿ ಕೂತು ಬಣ್ಣ ಹಚ್ಚಿ, ಕಾಫಿ ಕುಡಿದು ಬಂದರೂ ಹಾಳೆ ಹಸಿಯಾಗಿಯೇ ಇರುತ್ತದೆ. ಕರೆಂಟ್ ಇದ್ದರೆ ತಾನೆ ಹೇರ್ ಡ್ರೈಯರ್ ಮಾತು! ಆದರೆ ಮಂಜು ಬರೆಯಲು ಇದಕ್ಕಿಂತ ಒಳ್ಳೆಯ ಹವೆ ಇಲ್ಲ. ಹಸಿ ಹಾಳೆಯ ಮೇಲೆ ದೂರದ ಗುಡ್ಡವನ್ನು ತೆಳುನೀಲಿಯಲ್ಲಿ ಬಿಟ್ಟು, ಅದರ ಬುಡಕ್ಕೆ ಹಿಂಡಿದ ಬಟ್ಟೆ ಒತ್ತಿ ಬಣ್ಣ ಎತ್ತಿದರೆ ಸಾಕು.

ತರಗತಿಯಲ್ಲಿ ಮಾತ್ರ ಬೇರೆಯೇ ಜಗಳ. 'ಪ್ರಕೃತಿ ಚಿತ್ರ ಬರೆಯಿರಿ' ಅಂದರೆ ಆಗುಂಬೆಯ ಮಗುವೂ ಬಳ್ಳಾರಿಯ ಮಗುವೂ ಬರೆಯುವುದು ಒಂದೇ: ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ. ಬಾಯಲ್ಲಿ ಹೇಳಿದರೆ ಇದು ಹೋಗುವುದಿಲ್ಲ. ಚಿತ್ರಕಲಾವಿದ ರುಮಾಲೆ ಚೆನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವುಗಳ ಎದುರಿಗೇ ಹೋಗಿ ಬರೆದವರು. ಆ ಚಿತ್ರಗಳನ್ನು ತೋರಿಸಿ, ಮಕ್ಕಳನ್ನು ಮೈದಾನಕ್ಕೆ ಎಬ್ಬಿಸಿಕೊಂಡು ಹೋಗುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಮರ. ಹಸಿರು ಟ್ಯೂಬ್ ನನ್ನ ಜೇಬಿಗೆ. ಹಳದಿ, ನೀಲಿ, ಚೂರು ಕಂದು ಬೆರೆಸಿಕೊಂಡೇ ಎಲೆ ಆಗಬೇಕು. ಆಗ ಮಾವಿನ ಚಿಗುರು ಹಸಿರೇ ಅಲ್ಲ ಅನ್ನುವುದು ಯಾರಿಗಾದರೂ ಕಣ್ಣಿಗೆ ಬೀಳುತ್ತದೆ. ಶಾಲೆಯ ಡ್ರಾಯಿಂಗ್ ಶೀಟ್ ನೀರು ತಾಗಿದರೆ ಸುಕ್ಕಾಗುತ್ತದೆ. ಅದಕ್ಕೆ ಪೋಸ್ಟ್‌ಕಾರ್ಡಿನಷ್ಟು ತುಂಡು ಮಾಡಿ ಕೊಡುತ್ತೇನೆ. ಚಿತ್ರ ಪೀರಿಯಡ್ಡಿನೊಳಗೆ ಮುಗಿಯುತ್ತದೆ, ತ್ರಿಕೋನ ಗುಡ್ಡಕ್ಕೆ ಜಾಗವೂ ಉಳಿಯುವುದಿಲ್ಲ.