ಕಾರಿನಲ್ಲಿ ಒಯ್ಯುವ ಫ್ರಿಜ್ಜಿನ ತಂಪನ್ನು ಕಾಯ್ದುಕೊಳ್ಳುವ ಬಗೆ

ಕಾರವಾರದ ನಮ್ಮ ಮನೆಯಿಂದ ಶಿರಸಿಯ ಮಗಳ ಮನೆಗೆ ಮೀನು ಒಯ್ಯುವುದು, ಬರುವಾಗ ಅಲ್ಲಿಂದ ಬೆಣ್ಣೆ ಮತ್ತು ಗಟ್ಟಿ ಮೊಸರು ತರುವುದು ನಮ್ಮಲ್ಲಿ ಬಹಳ ವರ್ಷಗಳಿಂದ ನಡೆದುಬಂದ ರೂಢಿ. ಮೊದಲು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿ ಒಯ್ಯುತ್ತಿದ್ದೆವು. ಈಗ ಕೆಲವು ವರ್ಷಗಳಿಂದ ಕಾರಿನ ಬ್ಯಾಟರಿಯಿಂದ ನಡೆಯುವ, ಮೇಲ್ಭಾಗದಲ್ಲಿ ಮುಚ್ಚಳವಿರುವ ಪೆಟ್ಟಿಗೆಯಂಥ ಫ್ರಿಜ್ ಮನೆಗೆ ಬಂದಿದೆ. ಮೊಮ್ಮಕ್ಕಳು ಗೋಕರ್ಣದ ಕಡಲತೀರಕ್ಕೂ ಯಾಣದ ಕಾಡಿನ ಕಡೆಗೂ ಕ್ಯಾಂಪಿಂಗಿಗೆ ಹೋಗುವಾಗ ಅದನ್ನೇ ಒಯ್ಯುತ್ತಾರೆ. ಇಂಥ ಫ್ರಿಜ್ ಕೊಂಡವರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: ಅದನ್ನು ಎಷ್ಟಕ್ಕೆ ಇಡಬೇಕು? ಸಾಮಾನ್ಯ ಊಟದ ಸಾಮಾನಿಗೆ 3ರಿಂದ 4 ಡಿಗ್ರಿ ಸೆಲ್ಸಿಯಸ್ ಎಂದು ಉತ್ತರ ಹೇಳಬಹುದು. ಆದರೆ ಆ ತಂಪನ್ನು ಹೊರಡುವ ಹಿಂದಿನ ರಾತ್ರಿಯೇ ಮನೆಯಲ್ಲಿ ಕೂಡಿಸಿಕೊಳ್ಳಬೇಕು, ದಾರಿಯಲ್ಲಿ ಈ ಪುಟ್ಟ ಯಂತ್ರದಿಂದ ಇದ್ದ ತಂಪನ್ನು ಕಾಯುವ ಕೆಲಸವನ್ನಷ್ಟೇ ಬಯಸಬೇಕು ಎಂಬುದನ್ನು ತಿಳಿಯದೆ ಆ ಅಂಕಿಯಿಂದ ಪ್ರಯೋಜನವಿಲ್ಲ.

ಮೊದಲಿಗೆ ನಿಮ್ಮ ಬಳಿ ಇರುವುದು ಯಾವ ಬಗೆಯದೆಂದು ನೋಡಿಕೊಳ್ಳಿ. ಕಡಿಮೆ ಬೆಲೆಗೆ ಸಿಗುವ, ಕಂಪ್ರೆಸರ್ ಇಲ್ಲದೆ ಫ್ಯಾನು ಮಾತ್ರ ತಿರುಗುವ ಪೆಟ್ಟಿಗೆಗಳು ಹೊರಗಿನ ಗಾಳಿಗಿಂತ ಸುಮಾರು 15ರಿಂದ 20 ಡಿಗ್ರಿಯಷ್ಟು ಮಾತ್ರ ಕೆಳಗಿಳಿಯಬಲ್ಲವು. ಏಪ್ರಿಲ್ ತಿಂಗಳ ಮಧ್ಯಾಹ್ನ ಕರಾವಳಿಯಲ್ಲಿ 34 ಡಿಗ್ರಿ ಇದ್ದಾಗ ಅದರೊಳಗೆ 14ರಿಂದ 19 ಡಿಗ್ರಿ ಇರುತ್ತದೆ ಎಂದಾಯಿತು. ನೀರಿನ ಬಾಟಲಿಗೆ, ಹಣ್ಣಿಗೆ ಅದು ಸಾಕು. ಮೀನು, ಹಾಲು, ಮಾಂಸಗಳನ್ನು ಅದರ ನಂಬಿಕೆಯ ಮೇಲೆ ಇಡಲಾಗದು. ಕಂಪ್ರೆಸರ್ ಇರುವ ಫ್ರಿಜ್ಜು ಹೊರಗಿನ ಬಿಸಿ ಹೆಚ್ಚಿದ್ದರೂ ಸೊನ್ನೆಗಿಂತ ಕೆಳಗೆ ಹೋಗಬಲ್ಲದು. ಮುಂದೆ ನಾನು ಹೇಳುವುದೆಲ್ಲ ಅದಕ್ಕೆ ಸಂಬಂಧಿಸಿದ್ದು.

ಹೊರಡುವ ಹಿಂದಿನ ಸಂಜೆ ಫ್ರಿಜ್ಜನ್ನು ಮನೆಯ ಕರೆಂಟಿಗೆ ಹಾಕಿ, ಖಾಲಿಯಾಗಿಯೇ 3 ಡಿಗ್ರಿಗೆ ಇಟ್ಟು ರಾತ್ರಿಯಿಡೀ ನಡೆಯಲು ಬಿಡಿ. ಒಳಗಿನ ಗಾಳಿ ಅರ್ಧ ತಾಸಿನಲ್ಲಿಯೇ ತಣ್ಣಗಾದೀತು, ಆದರೆ ಗೋಡೆಗಳು ಮತ್ತು ಅವುಗಳ ಹಿಂದಿರುವ ಫೋಮು ತಣ್ಣಗಾಗಲು ಬಹಳ ಹೊತ್ತು ಬೇಕು. ಅದರೊಳಗೆ ಹೋಗುವ ಸಾಮಾನನ್ನೂ ಅಡುಗೆಮನೆಯ ದೊಡ್ಡ ಫ್ರಿಜ್ಜಿನಲ್ಲಿ ಅದೇ ರಾತ್ರಿ ತಂಪು ಮಾಡಿಟ್ಟಿರಬೇಕು. ಇದರ ಮಹತ್ವ ಒಂದು ಲೆಕ್ಕದಿಂದ ತಿಳಿಯುತ್ತದೆ. 10 ಲೀಟರ್ ನೀರನ್ನು 30 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಬೇಕಾದರೆ 260 ಕಿಲೋಕ್ಯಾಲರಿ ಬಿಸಿಯನ್ನು ತೆಗೆಯಬೇಕಾಗುತ್ತದೆ. ಅಷ್ಟು ಬಿಸಿಯನ್ನು ಹೀರಲು 3 ಕಿಲೋಗೂ ಹೆಚ್ಚು ಐಸ್ ಪೂರ್ತಿ ಕರಗಬೇಕು. ಓಡುವಾಗ ಸುಮಾರು 45ರಿಂದ 60 ವ್ಯಾಟ್ ಬಳಸುವ ಸಣ್ಣ ಕಂಪ್ರೆಸರ್ ಆ ಕೆಲಸಕ್ಕೆ ಅನೇಕ ತಾಸು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಪಕ್ಕದಲ್ಲಿಟ್ಟ ಹಾಲು ಹುಳಿಯಾಗಿರುತ್ತದೆ. ಬಿಸಿ ಸಾರಿನ ಡಬ್ಬಿಯನ್ನು ಹಾಗೆಯೇ ಇಡುವವರು ಇದನ್ನು ನೆನಪಿಡಬೇಕು.

ಬೇಗ ತಣ್ಣಗಾಗಲಿ ಎಂದು ಅಂಕಿಯನ್ನು ಒಮ್ಮೆಲೇ ಸೊನ್ನೆಗಿಂತ 18 ಡಿಗ್ರಿ ಕೆಳಕ್ಕೆ ತಿರುಗಿಸಿ, ಆಮೇಲೆ ಮರೆತುಬಿಡುವ ಅಭ್ಯಾಸವನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಬೆಳಿಗ್ಗೆ ನೋಡುವಾಗ ತಳದಲ್ಲಿದ್ದ ಮೊಸರು ಕಲ್ಲಾಗಿರುತ್ತದೆ, ಸೌತೆಕಾಯಿ ನೀರುಬಿಟ್ಟಿರುತ್ತದೆ. ಬೇಗ ತಂಪಾಗಬೇಕಾದರೆ ಹೆಚ್ಚಿನ ಫ್ರಿಜ್ಜುಗಳಲ್ಲಿ ಮ್ಯಾಕ್ಸ್ ಎಂಬ ಗುಂಡಿ ಇರುತ್ತದೆ, ಅದನ್ನು ಬಳಸಿ, ಅಂಕಿಯನ್ನು ಬೇಕಾದಲ್ಲಿಯೇ ಇಡಿ. ಇನ್ನೊಂದು ಎಚ್ಚರಿಕೆಯೂ ಇದೆ. ಕೆಲವು ಫ್ರಿಜ್ಜುಗಳು ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಎರಡನ್ನೂ ತೋರಿಸಬಲ್ಲವು. ಮಕ್ಕಳ ಕೈತಾಗಿ ಅಳತೆ ಬದಲಾಗಿದ್ದರೆ 4 ಎಂದು ಇಟ್ಟದ್ದು ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಸುಮಾರು 16 ಡಿಗ್ರಿ ಕೆಳಗೆ ಹೋಗಿಬಿಡುತ್ತದೆ. ಫ್ಯಾರನ್‌ಹೀಟಿನಲ್ಲಿ ಬೇಕಾದದ್ದು 39. ಅಂಕಿಯ ಪಕ್ಕದ ಅಕ್ಷರವನ್ನು ಪ್ರತಿಸಲವೂ ನೋಡಿ.

ಮುಚ್ಚಳದ ಬಳಿ ಹೊಳೆಯುವ ಅಂಕಿಯು ಒಳಗಿನ ಒಂದು ಸಂವೇದಕವಿರುವ ಜಾಗದ ಉಷ್ಣತೆಯನ್ನು ಮಾತ್ರ ಹೇಳುತ್ತದೆ, ಆಹಾರದ ಉಷ್ಣತೆಯನ್ನು ಹೇಳುವುದಿಲ್ಲ. ತಂಪು ಗಾಳಿ ಕೆಳಗಿಳಿಯುವುದರಿಂದ ತಳದಲ್ಲಿಯೂ ಗೋಡೆಗೆ ಒತ್ತಿಕೊಂಡ ಕಡೆಯಲ್ಲಿಯೂ ಹೆಚ್ಚು ತಂಪಿರುತ್ತದೆ. ಮುಚ್ಚಳದ ಕೆಳಗೆ ಮತ್ತು ಕಂಪ್ರೆಸರಿನ ಮೇಲಿರುವ ಚಿಕ್ಕ ಕಟ್ಟೆಯಂಥ ಜಾಗದಲ್ಲಿ ಎರಡು ಮೂರು ಡಿಗ್ರಿ ಹೆಚ್ಚಿರುವುದು ಸಹಜ. ಆದ್ದರಿಂದ ಒಂದು ಬೇರೆ ಥರ್ಮಾಮೀಟರು ಬೇಕೇ ಬೇಕು. ಚಿಕ್ಕ ಬಾಟಲಿಯಲ್ಲಿ ನೀರು ತುಂಬಿ, ಅದರಲ್ಲಿ ಥರ್ಮಾಮೀಟರಿನ ಕಡ್ಡಿಯನ್ನು ಮುಳುಗಿಸಿ ಸಾಮಾನಿನ ನಡುವೆ ಇಡಿ. ಮುಚ್ಚಳ ತೆರೆದ ಕ್ಷಣ ಗಾಳಿಯ ಉಷ್ಣತೆ ಏರಿದರೂ ನೀರಿನದು ಏರುವುದಿಲ್ಲ, ಹಾಗಾಗಿ ಅದು ಹೇಳುವುದನ್ನು ನಂಬಬಹುದು. ಆ ಥರ್ಮಾಮೀಟರು ಸರಿಯಿದೆಯೇ ಎಂದು ಪರೀಕ್ಷಿಸಲು ಲೋಟದ ತುಂಬ ಪುಡಿ ಐಸ್ ಹಾಕಿ, ಸ್ವಲ್ಪ ನೀರು ಸುರಿದು, ಕಲಕಿ, ಕಡ್ಡಿಯನ್ನು ಮೂರು ನಾಲ್ಕು ನಿಮಿಷ ಅದರಲ್ಲಿಡಿ. ಅದು ಸೊನ್ನೆ ತೋರಿಸಬೇಕು. 2 ತೋರಿಸಿದರೆ ಮುಂದೆ ಪ್ರತಿಸಲವೂ 2 ಕಳೆದು ಓದಬೇಕು. ಕಂಪ್ರೆಸರು ನಿಂತು ಮತ್ತೆ ಶುರುವಾಗುವ ನಡುವೆ ಅಂಕಿ ಎರಡು ಮೂರು ಡಿಗ್ರಿ ಏರಿಳಿಯುವುದರಿಂದ ಅದನ್ನು ಕಂಡು ಗಾಬರಿಪಟ್ಟು ಗುಂಡಿ ಒತ್ತುತ್ತಾ ಕೂರಬೇಡಿ. ಒಂದು ಸಲ ಬದಲಿಸಿದ ಮೇಲೆ ಕನಿಷ್ಠ ಎರಡು ಮೂರು ತಾಸು ಬಿಟ್ಟು ಬಾಟಲಿಯ ಥರ್ಮಾಮೀಟರನ್ನು ಓದಿ.

ಮೀನಿನ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲು ಬಿಡುವುದಿಲ್ಲ. ಬಂಗಡೆ, ಸೂರೆಯಂಥ ಮೀನುಗಳನ್ನು ಬೆಚ್ಚಗೆ ಬಿಟ್ಟರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ. ತಿಂದವರ ಮುಖ ಕೆಂಪಾಗಿ, ಮೈಯಲ್ಲಿ ದದ್ದು ಎದ್ದು, ತಲೆನೋವು ವಾಂತಿ ಬರುವುದಕ್ಕೆ ಅದು ಕಾರಣ. ಒಮ್ಮೆ ಉಂಟಾದ ಮೇಲೆ ಎಷ್ಟು ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ, ಮೀನಿನ ವಾಸನೆಯಿಂದಲೂ ಎಲ್ಲ ಸಲ ಗೊತ್ತಾಗುವುದಿಲ್ಲ. ಹೀಗಾಗಿ ಮಾರುಕಟ್ಟೆಯಿಂದ ತಂದ ಕೂಡಲೇ ಹೊಟ್ಟೆ, ಕಿವಿರು ತೆಗೆದು ತೊಳೆದು, ನೀರು ಬಸಿದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮೀನಿನಷ್ಟೇ ತೂಕದ ಪುಡಿ ಐಸ್ ಜೊತೆ ಪದರ ಪದರವಾಗಿಟ್ಟು ಫ್ರಿಜ್ಜಿನ ತಳದಲ್ಲಿ ಇಡಬೇಕು. ಮೀನು ಮಾತ್ರ ಒಯ್ಯುವುದಾದರೆ ಅಂಕಿಯನ್ನು ಸೊನ್ನೆಯಿಂದ 2ರ ನಡುವೆ ಇಡಿ. ಜೊತೆಗೆ ಹಾಲು, ಮೊಸರು, ತರಕಾರಿಗಳಿದ್ದರೆ 3ಕ್ಕೆ ಇಡಿ, ಮೀನಿನ ಡಬ್ಬಿಯೊಳಗಿನ ಐಸ್ ಉಳಿದ ತಂಪನ್ನು ಕೊಡುತ್ತದೆ. ಎರಡು ದಿನಕ್ಕಿಂತ ಹೆಚ್ಚು ಇಡಬೇಕಾದ ಮೀನನ್ನು ಮನೆಯಲ್ಲಿಯೇ ಗಡ್ಡೆಕಟ್ಟಿಸಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ ಒಯ್ಯುವುದು ಒಳ್ಳೆಯದು. ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಜೂನ್ 1ರಿಂದ ಜುಲೈ 31ರ ನಡುವೆ ಕೊಂಡ ಮೀನು ಮೊದಲೇ ಗಡ್ಡೆಕಟ್ಟಿದ್ದಾಗಿದ್ದು ದಾರಿಯಲ್ಲಿ ಬೆಚ್ಚಗೆ ಕರಗಿದರೆ, ಅದನ್ನು ಮತ್ತೆ ಗಡ್ಡೆಕಟ್ಟಿಸಲು ಹೋಗಬೇಡಿ.

ಮೀನಿನಷ್ಟೇ ಬೇಗ ಕೆಡುವುದು ಅರೆದ ತೆಂಗಿನಕಾಯಿ. ಹೋದಲ್ಲಿ ಸಾರು ಮಾಡೋಣವೆಂದು ಮನೆಯಲ್ಲಿ ಅರೆದು ಒಯ್ದ ಮಸಾಲೆ ಸೆಕೆಯಲ್ಲಿ ಕೆಲವೇ ತಾಸಿನಲ್ಲಿ ಹುಳಿವಾಸನೆ ಹೊಡೆಯುತ್ತದೆ. ಅದನ್ನು ಚಪ್ಪಟೆ ಡಬ್ಬಿಯಲ್ಲಿ ತೆಳುವಾಗಿ ತುಂಬಿ, ಹಿಂದಿನ ರಾತ್ರಿಯೇ ದೊಡ್ಡ ಫ್ರಿಜ್ಜಿನಲ್ಲಿಟ್ಟು, ನಂತರ ಹಾಲಿನ ಪಕ್ಕದಲ್ಲಿ ಒಯ್ಯಿರಿ. ತಂಬುಳಿ, ಅಪ್ಪೆಹುಳಿಗಳಿಗೂ 4 ಡಿಗ್ರಿ ಸಾಕು. ಬಾಳೆಹಣ್ಣು, ಮಾವು, ಟೊಮೆಟೊ, ಈರುಳ್ಳಿಗಳು ಫ್ರಿಜ್ಜಿಗೆ ಬೇಡ, ಅವು ಜಾಗವನ್ನು ಸುಮ್ಮನೆ ತಿನ್ನುತ್ತವೆ.

ಔಷಧದ ಬಗ್ಗೆ ನನ್ನ ಸ್ವಂತ ಅನುಭವವನ್ನು ಇಲ್ಲಿ ಹೇಳಲೇಬೇಕು. ನಮ್ಮ ಯಜಮಾನರಿಗೆ ಇನ್ಸುಲಿನ್ ಬೇಕು. ಒಮ್ಮೆ ಶಿರಸಿಗೆ ಹೋಗುವಾಗ ಮೀನು ಗಟ್ಟಿಯಾಗಿರಲೆಂದು ಫ್ರಿಜ್ಜನ್ನು ಸೊನ್ನೆಗಿಂತ 2 ಡಿಗ್ರಿ ಕೆಳಗಿಟ್ಟು, ಇನ್ಸುಲಿನ್ನಿನ ಬಾಟಲಿಗಳನ್ನು ಗೋಡೆಯ ಬದಿಗೆ ಸಿಕ್ಕಿಸಿದ್ದೆ. ದೇವಿಮನೆ ಘಟ್ಟ ಹತ್ತಿ ಮಗಳ ಮನೆ ಸೇರಿ ತೆರೆದು ನೋಡಿದಾಗ ಎರಡೂ ಗಡ್ಡೆಕಟ್ಟಿದ್ದವು. ಗಡ್ಡೆಕಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಬಳಸಬಾರದು; ಅದರ ಶಕ್ತಿ ಹೋಗಿರುತ್ತದೆ. ಆ ರಾತ್ರಿ ಔಷಧದ ಅಂಗಡಿ ಹುಡುಕಿಕೊಂಡು ಅಳಿಯಂದಿರು ಅಲೆದದ್ದನ್ನು ನೆನೆದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ. ತೆರೆಯದ ಇನ್ಸುಲಿನ್ನಿಗೆ ಬೇಕಾದದ್ದು 2ರಿಂದ 8 ಡಿಗ್ರಿ. ಅದನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಕಂಪ್ರೆಸರಿನ ಮೇಲಿನ ಕಟ್ಟೆಯ ಜಾಗದಲ್ಲಿ, ಐಸಿಗೂ ಗೋಡೆಗೂ ತಾಗದಂತೆ ಇಡಿ. ಅಂಕಿಯನ್ನು 4ಕ್ಕಿಂತ ಕೆಳಗೆ ಇಳಿಸಬೇಡಿ. ಫ್ರಿಜ್ಜನ್ನು ಗಡ್ಡೆಕಟ್ಟಿಸುವ ಮಟ್ಟಕ್ಕೆ ಇಟ್ಟಿದ್ದರೆ ಔಷಧಕ್ಕೆ ಬೇರೆಯೇ ಪೆಟ್ಟಿಗೆ ಮಾಡಿ.

ಫ್ರಿಜ್ಜು ಒಳಗಿನ ಬಿಸಿಯನ್ನು ತೆಗೆದು ಹೊರಗೆ ಬಿಡುತ್ತದೆ, ಹಾಗೆ ಬಿಡಲು ಅದಕ್ಕೆ ಜಾಗ ಬೇಕು. ಡಿಕ್ಕಿಯಲ್ಲಿ ಹಾಸಿಗೆ, ಬ್ಯಾಗುಗಳನ್ನು ಅದರ ಗಾಳಿಕಿಂಡಿಗೆ ಒತ್ತಿ ತುಂಬಿದರೆ ಕಂಪ್ರೆಸರು ನಿಲ್ಲದೆ ಓಡಿ ಬ್ಯಾಟರಿಯನ್ನು ಖಾಲಿ ಮಾಡುತ್ತದೆ. ಕಿಂಡಿಯಿರುವ ಬದಿಯಲ್ಲಿ ಒಂದು ಗೇಣಿನಷ್ಟು ಖಾಲಿ ಬಿಡಿ. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುವುದುಂಟು, ಅಂಥ ಬಿಸಿಯಲ್ಲಿ ಯಾವ ಫ್ರಿಜ್ಜೂ ಸುಖವಾಗಿ ನಡೆಯದು. ಮರದ ನೆರಳಿನಲ್ಲಿ ನಿಲ್ಲಿಸಿ, ಗಾಜನ್ನು ಸ್ವಲ್ಪ ಇಳಿಸಿ, ಫ್ರಿಜ್ಜಿನ ಮೇಲೆ ದಪ್ಪ ಹೊದಿಕೆ ಹಾಕಿ, ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಗಾಡಿಗೆ ಏರಿಸುವಾಗ ಅದನ್ನು ಅಡ್ಡ ಮಲಗಿಸಿದ್ದರೆ ನೆಟ್ಟಗೆ ನಿಲ್ಲಿಸಿ ಕೆಲವು ತಾಸು ಬಿಟ್ಟ ಮೇಲೆಯೇ ಶುರು ಮಾಡಿ.

ಬ್ಯಾಟರಿಯ ಮಾತು ಸ್ವಲ್ಪ ವಿವರವಾಗಿಯೇ ಬೇಕು, ಏಕೆಂದರೆ ಉಷ್ಣತೆ ಕೈತಪ್ಪುವುದು ಹೆಚ್ಚಾಗಿ ಇಲ್ಲಿಂದಲೇ. ಬಹಳ ಕಾರುಗಳಲ್ಲಿ ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಕೀಲಿ ತೆಗೆದ ಕೂಡಲೇ ಕರೆಂಟು ನಿಲ್ಲುತ್ತದೆ. ಊಟಕ್ಕೆಂದು ಎರಡು ತಾಸು ಇಳಿದರೆ ಫ್ರಿಜ್ಜೂ ಎರಡು ತಾಸು ಸುಮ್ಮನಿರುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಕರೆಂಟು ನಿಲ್ಲುವುದೇ ಇಲ್ಲ, ಆಗ ಕಾರಿನ ಬ್ಯಾಟರಿಯೇ ಬರಿದಾಗುತ್ತದೆ. ಸೆಕೆಯ ರಾತ್ರಿ ಕಂಪ್ರೆಸರು ಅರ್ಧ ಹೊತ್ತು ಓಡಿದರೂ ಹತ್ತು ತಾಸಿಗೆ 20ರಿಂದ 25 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ತುಂಬಿರುವ ಕರೆಂಟಿನ ಅಳತೆ) ಖರ್ಚಾಗುತ್ತದೆ, ಸಣ್ಣ ಕಾರಿನ ಬ್ಯಾಟರಿಯಲ್ಲಿ ಇರುವುದೇ 35ರಷ್ಟು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬೆಳಿಗ್ಗೆ ಗಾಡಿ ಶುರುವಾಗುವ ಭರವಸೆಯಿಲ್ಲ. ಫ್ರಿಜ್ಜಿನಲ್ಲಿ ಬ್ಯಾಟರಿ ಕಾಯುವ ಮೂರು ಮಟ್ಟಗಳು ಇದ್ದರೆ, ಕಾರಿನ ಬ್ಯಾಟರಿಗೆ ಜೋಡಿಸುವಾಗ ಹೈ ಎಂಬುದನ್ನೇ ಆರಿಸಿ. ಅದು ಎಲ್ಲಕ್ಕಿಂತ ಮೊದಲೇ ಫ್ರಿಜ್ಜನ್ನು ನಿಲ್ಲಿಸಿ ಗಾಡಿ ಶುರುವಾಗುವಷ್ಟು ಶಕ್ತಿಯನ್ನು ಉಳಿಸುತ್ತದೆ. ಲೋ ಎಂಬುದು ಬೇರೆಯಾಗಿ ಒಯ್ದ ಬ್ಯಾಟರಿಗೆ. ರಾತ್ರಿ ತಂಗುವವರು ಬೇರೆ ಬ್ಯಾಟರಿ ಒಯ್ಯುವುದೇ ಸರಿ. ವಯರು ಉದ್ದವಾಗಿ ತೆಳ್ಳಗಿದ್ದರೂ ವೋಲ್ಟೇಜು ದಾರಿಯಲ್ಲಿ ಕಡಿಮೆಯಾಗಿ, ಬ್ಯಾಟರಿ ತುಂಬಿದ್ದರೂ ಫ್ರಿಜ್ಜು ನಿಂತುಬಿಡುತ್ತದೆ, ಆಗ ದಪ್ಪ ವಯರು ಹಾಕಿಸಬೇಕು.

ಇಷ್ಟೆಲ್ಲ ಮಾಡಿಯೂ ಕರೆಂಟು ನಿಲ್ಲಬಹುದೆಂದು ನಾನು ಎರಡು ಲೀಟರ್ ನೀರಿನ ಬಾಟಲಿಗಳಲ್ಲಿ ಸ್ವಲ್ಪ ಜಾಗ ಬಿಟ್ಟು ನೀರು ತುಂಬಿ, ಗಡ್ಡೆಕಟ್ಟಿಸಿ, ಸಾಮಾನಿನ ನಡುವೆ ಇಡುತ್ತೇನೆ. ಖಾಲಿ ಜಾಗವೂ ಇದರಿಂದ ತುಂಬುತ್ತದೆ. ತುಂಬಿದ ಫ್ರಿಜ್ಜು ಅರೆಖಾಲಿ ಫ್ರಿಜ್ಜಿಗಿಂತ ಹೆಚ್ಚು ಹೊತ್ತು ತಂಪು ಹಿಡಿದಿಡುತ್ತದೆ, ಕರಗಿದ ನೀರು ಕುಡಿಯಲೂ ಆಗುತ್ತದೆ. ಮಕ್ಕಳು ನೀರಿಗೆಂದು ಪದೇ ಪದೇ ಮುಚ್ಚಳ ತೆರೆಯದಂತೆ ಕುಡಿಯುವ ನೀರನ್ನು ಬೇರೆ ಕೂಜೆಯಲ್ಲಿಡಿ. ಬಾಟಲಿಯ ಥರ್ಮಾಮೀಟರು 5 ಡಿಗ್ರಿ ದಾಟಿದ್ದು ಕಂಡರೆ ಮೊದಲು ಪ್ಲಗ್ಗು, ಗಾಳಿಕಿಂಡಿ, ಮುಚ್ಚಳದ ರಬ್ಬರು ಇವನ್ನು ನೋಡಿ, ಆಮೇಲೆ ಅಂಕಿಯನ್ನು ಮುಟ್ಟಿ. ಎರಡು ತಾಸಿಗೂ ಹೆಚ್ಚು 5 ಡಿಗ್ರಿಯ ಮೇಲಿದ್ದ ಮೀನು, ಹಾಲು, ಬೇಯಿಸಿದ ಅಡುಗೆಯನ್ನು ನಾನು ಮನೆಯವರಿಗೆ ಬಡಿಸುವುದಿಲ್ಲ. ಎಷ್ಟು ದುಡ್ಡು ಕೊಟ್ಟು ತಂದ ಇಸವಾಣ ಮೀನಾದರೂ ಸರಿ.

ಘಟ್ಟದ ಮೇಲೆ ಚಳಿಗಾಲದ ರಾತ್ರಿ ಹೊರಗೇ ತಂಪಿರುವಾಗ ಕಂಪ್ರೆಸರು ಅಪರೂಪಕ್ಕೆ ಓಡುತ್ತದೆ, ಅಲ್ಲಿ ಚಿಂತೆ ಕಡಿಮೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಮುಚ್ಚಳ ತೆರೆದಾಗಲೆಲ್ಲ ಆ ತೇವ ಒಳಗೆ ಹೋಗಿ ಗೋಡೆಯ ಮೇಲೆ ಹಿಮವಾಗಿ ಕೂರುತ್ತದೆ. ಅದು ಹಳೆಯ ಒಂದು ರೂಪಾಯಿ ನಾಣ್ಯದ ದಪ್ಪಕ್ಕಿಂತ ಹೆಚ್ಚಾದರೆ ತಂಪು ಸಾಮಾನಿಗೆ ಮುಟ್ಟದು. ಫ್ರಿಜ್ಜನ್ನು ನಿಲ್ಲಿಸಿ, ಮುಚ್ಚಳ ತೆರೆದು ತಾನಾಗಿ ಕರಗಲು ಬಿಡಿ, ಚಾಕುವಿನಿಂದ ಕೆರೆಯಬೇಡಿ. ಮುಚ್ಚಳದ ರಬ್ಬರಿನಲ್ಲಿ ಸಿಕ್ಕಿದ ಮರಳಿನ ಕಾಳು ಕೂಡ ತಂಪನ್ನು ಸೋರಿಸುತ್ತದೆ. ಕಾಗದದ ಚೂರನ್ನು ನಡುವೆ ಇಟ್ಟು ಮುಚ್ಚಿ ಎಳೆದು ನೋಡಿ. ಸಲೀಸಾಗಿ ಜಾರಿಬಂದರೆ ರಬ್ಬರನ್ನು ಒರೆಸಬೇಕು ಅಥವಾ ಬದಲಿಸಬೇಕು. ಉಪ್ಪುಗಾಳಿಯಿಂದ ಪ್ಲಗ್ಗಿನ ತುದಿಗೆ ಹಸಿರು ಕಿಲುಬು ಹಿಡಿದಿದ್ದರೆ, ವಯರನ್ನು ತೆಗೆದಿಟ್ಟು ಒಣಬಟ್ಟೆಯಿಂದ ಉಜ್ಜಿ ತೆಗೆಯಿರಿ.

ಮನೆಗೆ ಮರಳಿದ ದಿನವೇ ಫ್ರಿಜ್ಜನ್ನು ಖಾಲಿ ಮಾಡಿ, ಅಡುಗೆ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಒಳಗೆಲ್ಲ ಒರೆಸಿ, ಮತ್ತೊಂದು ಒಣಬಟ್ಟೆಯಿಂದ ಮೂಲೆಗಳನ್ನೂ ರಬ್ಬರಿನ ಮಡಿಕೆಗಳನ್ನೂ ಒಣಗಿಸಿ. ಮಳೆಗಾಲದಲ್ಲಿ ಮುಚ್ಚಿಟ್ಟ ಫ್ರಿಜ್ಜಿನೊಳಗೆ ಒಂದೇ ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಮುಚ್ಚಳ ಮತ್ತು ಅಂಚಿನ ನಡುವೆ ಮಡಚಿದ ಬಟ್ಟೆಯನ್ನು ಸಿಕ್ಕಿಸಿ, ಎರಡು ಬೆರಳಿನಷ್ಟು ತೆರೆದಿರುವಂತೆ ಇಟ್ಟು, ಒಲೆಯಿಂದ ದೂರದ ಗಾಳಿಯಾಡುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ.